ಐರ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳು ಕಪ್ ಗೆದ್ದ ಮರುವರ್ಷವೇ ಯಾಕೆ ಮುಳುಗುತ್ತವೆ? ಸದಸ್ಯತ್ವ ತಗೊಳ್ಳುವ ಮುಂಚೆ ಲೆಕ್ಕದಲ್ಲಿ ಏನು ನೋಡಬೇಕು?

ನೀವು ಡಬ್ಲಿನ್‌ಗೆ ಹೊಸಬರು, ಒಂದು ಲೀಗ್ ಆಫ್ ಐರ್ಲೆಂಡ್ ಕ್ಲಬ್ಬಿನ ಸದಸ್ಯರಾಗುವ ಯೋಚನೆಯಲ್ಲಿದ್ದೀರಿ. ಚಾಂಪಿಯನ್ ಆದವರೇ ಕೋರ್ಟ್ ಮೆಟ್ಟಿಲು ಹತ್ತಿದ ಕತೆ ಓದಿ ಗಾಬರಿಯಾಗಿದೆ ಅಂತ ಬರೆದಿದ್ದೀರಿ. ಗಾಬರಿಗೆ ಕಾರಣ ಇದೆ. 'ಆಟಗಾರರಿಗೆ ಸಂಬಳ ಜಾಸ್ತಿ ಕೊಟ್ಟು ಕೆಟ್ಟರು' ಅನ್ನೋದು ಮಾತ್ರ ಅರ್ಧ ಸತ್ಯ. ಐನೂರು, ಏಳುನೂರು ಯೂರೋ ವಾರದ ಸಂಬಳ ಯಾವ ದೊಡ್ಡ ಐಷಾರಾಮ? ರೋಗ ಇರುವುದು ಬೇರೆ ಕಡೆ. ಇನ್ನೂ ಕೈಗೆ ಬಾರದ ದುಡ್ಡನ್ನು ನಂಬಿ ಈಗಲೇ ಕರಾರಿಗೆ ಸಹಿ ಹಾಕುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ದರ್ಜಿಗೆ 42 ವಾರದ ಸಂಬಳವನ್ನೂ ಒಪ್ಪಿಕೊಂಡಿರುತ್ತಾರೆ.

ಮೊದಲು ಲೆಕ್ಕ ಹಾಕಿ ತೋರಿಸುತ್ತೇನೆ. ಕ್ಲಬ್ಬು ಕಾಲ್ಪನಿಕ, ಪ್ರಮಾಣ ನಿಜಕ್ಕೆ ಹತ್ತಿರ. ಮೇಲ್ದರ್ಜೆಯ ಪ್ರೀಮಿಯರ್ ಡಿವಿಷನ್‌ನಲ್ಲಿ 10 ತಂಡ, ಒಬ್ಬರ ಮೇಲೊಬ್ಬರು ನಾಲ್ಕು ಸಲ ಆಡುತ್ತಾರೆ, ಒಟ್ಟು 36 ಪಂದ್ಯ. ಅಂದರೆ ಲೀಗ್‌ನಲ್ಲಿ ಸ್ವಂತ ಮೈದಾನದ ಗೇಟು ತೆಗೆಯುವುದು ವರ್ಷಕ್ಕೆ 18 ರಾತ್ರಿ. ಪ್ರತಿ ರಾತ್ರಿ 2,000 ಜನ ಬಂದರು ಅಂತಿಟ್ಟುಕೊಳ್ಳಿ. ಟಿಕೆಟ್ ಮೇಲೆ 15 ಯೂರೋ ಅಂತ ಇದ್ದರೂ ಮಕ್ಕಳು, ವಿದ್ಯಾರ್ಥಿಗಳು, ಹಿರಿಯರು, ಸೀಸನ್ ಟಿಕೆಟ್ ರಿಯಾಯಿತಿ ಎಲ್ಲ ಕಳೆದು ತಲೆಗೆ 9 ಯೂರೋ ಉಳಿದರೆ ಪುಣ್ಯ. ಒಂದು ರಾತ್ರಿಗೆ 18,000, ವರ್ಷಕ್ಕೆ 3.24 ಲಕ್ಷ ಯೂರೋ.

ಈಗ ಎದುರು ಕಲಮು. 22 ಆಟಗಾರರು, ಸರಾಸರಿ ವಾರಕ್ಕೆ 700 ಯೂರೋ. ವಾರಕ್ಕೆ 15,400. ಇಲ್ಲಿ ಹಲವು ಕರಾರುಗಳು 52 ವಾರಕ್ಕೆ ಇರುವುದಿಲ್ಲ, ಋತು ಮುಗಿದ ಮೇಲೆ ಸಂಬಳ ನಿಲ್ಲುತ್ತದೆ. 42 ವಾರ ಅಂತ ಹಿಡಿದರೂ 6.47 ಲಕ್ಷ. ಅದರ ಮೇಲೆ ಮಾಲೀಕರ ಪಾಲಿನ ಪಿಆರ್‌ಎಸ್‌ಐ, ಅಂದರೆ ಸಾಮಾಜಿಕ ವಿಮೆಯ ಕಂತು, ಸುಮಾರು ಶೇ. 11. ಒಟ್ಟು 7.18 ಲಕ್ಷ. ಗೇಟ್ ಕಲೆಕ್ಷನ್ ಇದರ ಅರ್ಧಕ್ಕೂ ಮುಟ್ಟಲಿಲ್ಲ. ಇನ್ನೂ ಕೋಚು, ಫಿಸಿಯೋ, ಮೈದಾನದ ಬಾಡಿಗೆ, ಸ್ಟುವರ್ಡ್‌ಗಳು, ವಿಮೆ, ಡೆರಿ ಅಥವಾ ಸ್ಲೈಗೋಗೆ ಬಸ್ಸು, ಲೈಸೆನ್ಸಿಗೆ ಬೇಕೇಬೇಕಾದ ಕಿರಿಯರ ತಂಡಗಳು, ಯಾವುದನ್ನೂ ಸೇರಿಸಿಲ್ಲ.

ವರ್ಷದ ಮೊತ್ತಕ್ಕಿಂತ ಕೊಲ್ಲುವುದು ತಿಂಗಳ ಮೊತ್ತ. ಸಂಬಳ ವಾರವಾರವೂ ಹೋಗುತ್ತದೆ, ಗೇಟು ಸುಮಾರು ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಎರಡು ವಾರದ ಸಂಬಳ, ಪಿಆರ್‌ಎಸ್‌ಐ ಸೇರಿ 34,000. ಮಧ್ಯೆ ಬಂದ ಗೇಟು 18,000. ಜೂನ್‌ನ ಮಧ್ಯಂತರ ವಿರಾಮದಲ್ಲಿ ಅದೂ ಇಲ್ಲ. 2003ರಿಂದ ಲೀಗು ಬೇಸಿಗೆಗೆ ಬದಲಾಗಿದ್ದರಿಂದ ನವೆಂಬರಿನಿಂದ ಫೆಬ್ರವರಿವರೆಗೆ ಮೈದಾನ ಖಾಲಿ. ಆಗ ಬರುವ ಒಂದೇ ದೊಡ್ಡ ದುಡ್ಡು ಮುಂದಿನ ಋತುವಿನ ಸೀಸನ್ ಟಿಕೆಟ್ಟಿನದು. ಕಷ್ಟದಲ್ಲಿರುವ ಕ್ಲಬ್ಬು ಅದನ್ನು ಹಳೆ ಬಾಕಿಗೆ ಸುರಿಯುತ್ತದೆ. ಹೊಸ ಋತು ಶುರುವಾಗುವಾಗ ಅಭಿಮಾನಿ ದುಡ್ಡು ಕೊಟ್ಟಾಗಿದೆ, ಕ್ಲಬ್ಬು ಖರ್ಚು ಮಾಡಿಯಾಗಿದೆ, ಪಂದ್ಯ ಮಾತ್ರ ಇನ್ನೂ ಆಡಬೇಕು.

ಹಾಗಾದರೆ ಅಂತರ ತುಂಬುವುದು ಯಾವುದು? ಲೀಗ್ ಬಹುಮಾನ ಅಂತೂ ಅಲ್ಲ. ಚಾಂಪಿಯನ್‌ಗೆ ಸಿಗುತ್ತಾ ಬಂದಿರುವುದು ಒಂದು ಲಕ್ಷ ಯೂರೋ ಆಸುಪಾಸು. ಉಳಿಯುವುದು ಮೂರು: ಯುರೋಪಿನ ಸ್ಪರ್ಧೆಗಳ ದುಡ್ಡು, ಜಮೀನು, ಜೇಬು ದೊಡ್ಡದಿರುವ ಮಾಲೀಕ. ಈ ಲೀಗಿನ ಬಹುತೇಕ ಎಲ್ಲ ಅನಾಹುತಗಳ ಮೂಲ ಈ ಮೂರರಲ್ಲೊಂದು.

2005ರಿಂದ 2009ರವರೆಗಿನ ಚಾಂಪಿಯನ್ನರ ಪಟ್ಟಿಯನ್ನೇ ತಗೊಳ್ಳಿ. 2005 ಕಾರ್ಕ್ ಸಿಟಿ, 2006 ಶೆಲ್ಬರ್ನ್, 2007 ಡ್ರೋಹೆಡಾ ಯುನೈಟೆಡ್, 2008 ಮತ್ತು 2009 ಬೋಹೀಮಿಯನ್ಸ್. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಶೆಲ್ಬರ್ನ್ 2004ರಲ್ಲಿ ಹೈದುಕ್ ಸ್ಪ್ಲಿಟ್ ತಂಡವನ್ನು ಮಣಿಸಿ, ಚಾಂಪಿಯನ್ಸ್ ಲೀಗ್ ಗುಂಪು ಹಂತಕ್ಕೆ ಒಂದೇ ಸುತ್ತು ಬಾಕಿ ಇದ್ದಾಗ ದೆಪೋರ್ತಿವೋ ಲಾ ಕೊರುನ್ಯಾ ವಿರುದ್ಧ ಲ್ಯಾನ್ಸ್‌ಡೌನ್ ರೋಡ್‌ನಲ್ಲಿ 0-0 ಮಾಡಿಕೊಂಡಿತ್ತು. ಸ್ಪೇನ್‌ನಲ್ಲಿ 3-0 ಸೋತರು. ಆ ರುಚಿ ಹತ್ತಿದ ಮೇಲೆ ಖರ್ಚು ಇಳಿಯಲಿಲ್ಲ. 2006ರಲ್ಲಿ ಕಪ್ ಎತ್ತಿದವರನ್ನು ಹಣಕಾಸಿನ ಕಾರಣಕ್ಕೆ 2007ರಲ್ಲಿ ಫಸ್ಟ್ ಡಿವಿಷನ್‌ಗೆ, ಹೆಸರು ಹಾಗಿದ್ದರೂ ಎರಡನೇ ದರ್ಜೆಗೆ, ಇಳಿಸಲಾಯಿತು. ಡ್ರೋಹೆಡಾ, ಕಾರ್ಕ್ ಎರಡೂ 2008ರಲ್ಲಿ ಎಕ್ಸಾಮಿನರ್‌ಶಿಪ್‌ಗೆ (ಸಾಲದಲ್ಲಿ ಮುಳುಗಿದ ಕಂಪನಿಗೆ ಕೋರ್ಟ್ ಕೊಡುವ ತಾತ್ಕಾಲಿಕ ರಕ್ಷಣೆ) ಹೋಗಿ ತಲಾ 10 ಅಂಕ ಕಳೆದುಕೊಂಡವು.

ಬೋಹೀಮಿಯನ್ಸ್ ಕತೆ ಜಮೀನಿನದು. ತಮ್ಮ ಮೈದಾನ ಡ್ಯಾಲಿಮೌಂಟ್ ಪಾರ್ಕ್ ಮಾರಲು 2006ರಲ್ಲಿ ಒಬ್ಬ ಬಿಲ್ಡರ್ ಜೊತೆ ಆರೂವರೆ ಕೋಟಿ ಯೂರೋ ಆಸುಪಾಸಿನ ಒಪ್ಪಂದ. ಆ ನಂಬಿಕೆ ಮೇಲೆ ತಂಡ ಕಟ್ಟಿದರು, ಎರಡು ಲೀಗ್ ಗೆದ್ದರು. ರಿಯಲ್ ಎಸ್ಟೇಟ್ ಬಿದ್ದಾಗ ಒಪ್ಪಂದವೂ ಬಿತ್ತು. ಕೊನೆಗೆ 2015ರಲ್ಲಿ ಡಬ್ಲಿನ್ ಸಿಟಿ ಕೌನ್ಸಿಲ್ ಅದೇ ಮೈದಾನವನ್ನು ಕೊಂಡಿದ್ದು 38 ಲಕ್ಷ ಯೂರೋಗೆ. ಬೆಂಗಳೂರಿನ ಸೈಟು ವ್ಯವಹಾರ ನೋಡಿದವರಿಗೆ ಅಡ್ವಾನ್ಸು, ರಿಜಿಸ್ಟ್ರೇಷನ್ನು ಬೇರೆ ಬೇರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮಾಲೀಕನ ಜೇಬಿನ ಉದಾಹರಣೆ ಸ್ಪೋರ್ಟಿಂಗ್ ಫಿಂಗಲ್. 2007ರಲ್ಲಿ ಹುಟ್ಟಿ, 2009ರಲ್ಲಿ ಎಫ್‌ಎಐ (ಐರಿಶ್ ಫುಟ್‌ಬಾಲ್ ಸಂಸ್ಥೆ) ಕಪ್ ಗೆದ್ದು, 2011ರ ಋತು ಶುರುವಾಗುವ ಹೊತ್ತಿಗೆ ಇಲ್ಲವಾಯಿತು. ಅದರ ಹಿಂದಿದ್ದದ್ದೂ ಬಿಲ್ಡರ್ ದುಡ್ಡೇ.

ನಿಯಮ ಇರಲಿಲ್ಲವೇ ಅಂತ ಕೇಳಬಹುದು. ಇತ್ತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಮಾದರಿಯ ಲೈಸೆನ್ಸಿಂಗ್ ಇತ್ತು. ಆಟಗಾರರ ಸಂಬಳ ಆದಾಯದ ಶೇ. 65 ಮೀರಬಾರದು ಅನ್ನುವ ಮಿತಿಯೂ ಬಂತು. ಕೇಳಲು ಚೆನ್ನ. ಮೇಲಿನ ಲೆಕ್ಕಕ್ಕೇ ಹಾಕಿ ನೋಡಿ: 7.18 ಲಕ್ಷ ಸಂಬಳಕ್ಕೆ 11.05 ಲಕ್ಷ ಆದಾಯ ತೋರಿಸಬೇಕು. ಗೇಟು 3.24 ಹೋದರೆ ಇನ್ನೂ 7.8 ಲಕ್ಷ ಬೇಕು. ಇದು ಮುಂದಿನ ವರ್ಷದ ಅಂದಾಜು ಪಟ್ಟಿ, ಪೆನ್ನು ಹಿಡಿದವರು ಕ್ಲಬ್ಬಿನವರೇ. ಶೇಕಡಾವಾರು ಮಿತಿಯ ತೊಂದರೆಯೇ ಇದು. ಸಂಬಳ ಇಳಿಸುವುದಕ್ಕಿಂತ ಆದಾಯದ ಅಂದಾಜು ಏರಿಸುವುದು ಸುಲಭ. ಮಾಲೀಕ ಕೊಡುವ ದೇಣಿಗೆಯನ್ನೂ ಆದಾಯದ ಕಲಮಿನಲ್ಲಿ ಕೂರಿಸಿದರೆ, ಆತ ಬೇಸತ್ತ ದಿನ ಶೇ. 65 ಅನ್ನುವುದು ಶೇ. 130 ಆಗಬಹುದು. ಇನ್ನೊಂದು ದಾರಿ ಕರಾರನ್ನೇ ಎರಡು ಮಾಡುವುದು, ಲೀಗಿಗೆ ತೋರಿಸಲು ಒಂದು, ಆಟಗಾರನಿಗೆ ಇನ್ನೊಂದು. 2009ರ ಕೊನೆಗೆ ಡೆರಿ ಸಿಟಿ ಲೀಗಿನಿಂದ ಹೊರಬಿದ್ದದ್ದು ಈ ಎರಡನೇ ಕರಾರುಗಳ ಕಾರಣಕ್ಕೆ. ಮರುವರ್ಷ ಫಸ್ಟ್ ಡಿವಿಷನ್‌ನಿಂದ ಶುರು ಮಾಡಬೇಕಾಯಿತು.

ಯುರೋಪಿನ ಆಸೆ ಇವತ್ತಿಗೂ ಅಪಾಯಕಾರಿ, ಯಾಕೆಂದರೆ ಅದು ಸುಳ್ಳಲ್ಲ. ಡಂಡಾಕ್ 2016ರಲ್ಲಿ ಯುರೋಪಾ ಲೀಗ್ ಗುಂಪು ಹಂತ ತಲುಪಿ ಅರವತ್ತು-ಎಪ್ಪತ್ತು ಲಕ್ಷ ಯೂರೋ ಗಳಿಸಿತು ಅನ್ನುತ್ತಾರೆ. 2020ರಲ್ಲಿ ಮತ್ತೆ ಹೋಗಿ ಆರ್ಸೆನಲ್ ಇದ್ದ ಗುಂಪಿನಲ್ಲಿ ಆಡಿತು. ಶ್ಯಾಮ್ರಾಕ್ ರೋವರ್ಸ್ 2024ರಲ್ಲಿ ಕಾನ್ಫರೆನ್ಸ್ ಲೀಗ್ ಮುಖ್ಯ ಹಂತಕ್ಕೆ ಹೋದಾಗ ಬರೀ ಪ್ರವೇಶಕ್ಕೇ 31.7 ಲಕ್ಷ, ಗೆದ್ದ ಪ್ರತಿ ಪಂದ್ಯಕ್ಕೆ ಇನ್ನೂ 4 ಲಕ್ಷ. ಅದೇ ಸ್ಪರ್ಧೆಯ ಮೊದಲ ಅರ್ಹತಾ ಸುತ್ತಿನಲ್ಲೇ ಸೋತು ಜುಲೈನಲ್ಲಿ ಮನೆಗೆ ಬಂದವರಿಗೆ ಸಿಗುವುದು ಎರಡು ಲಕ್ಷಕ್ಕಿಂತ ಕಡಿಮೆ, ಅದರಲ್ಲೇ ವಿಮಾನ, ಹೋಟೆಲ್ ಖರ್ಚು ಕಳೆಯಬೇಕು. ನಡುವಿನ ಅಂತರ ಒಂದು ಪೆನಾಲ್ಟಿಯಷ್ಟು. ಹತ್ತು ತಂಡಗಳಲ್ಲಿ ಯುರೋಪಿಗೆ ಹೋಗುವುದು ನಾಲ್ಕು. ಆ ನಂಬಿಕೆಯಲ್ಲಿ ಆರು ತಂಡ ಬಜೆಟ್ ಬರೆದಿದ್ದರೆ ಇಬ್ಬರು ಕೆಡುವುದು ಬರೀ ಕೂಡಿ ಕಳೆಯುವ ಲೆಕ್ಕ. ಡಂಡಾಕ್ ಅಷ್ಟು ಗಳಿಸಿಯೂ ಮಾಲೀಕರ ಮೇಲೆ ಮಾಲೀಕರನ್ನು ಕಂಡು, 2024ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಮುಚ್ಚುವ ಅಂಚಿಗೆ ಬಂದು, ಅದೇ ವರ್ಷ ಕೆಳದರ್ಜೆಗೆ ಇಳಿಯಿತು. 2025ರಲ್ಲಿ ಫಸ್ಟ್ ಡಿವಿಷನ್ ಗೆದ್ದು ಮೇಲೆ ಬಂದಿದೆ.

ನನ್ನ ಮಟ್ಟಿಗೆ ಸರಿಯಾದ ಬಜೆಟ್ಟಿಗೆ ಮೂರು ಕಲಮು. ಮೊದಲನೆಯದು ಕೈಗೆ ಬಂದದ್ದು ಅಥವಾ ಸಹಿಯಾದದ್ದು: ಮಾರಿದ ಸೀಸನ್ ಟಿಕೆಟ್, ಪ್ರಾಯೋಜಕರ ಕರಾರು. ಎರಡನೆಯದು ಹೋದ ವರ್ಷದ ಗೇಟಿನಲ್ಲಿ ಹತ್ತು ಪರ್ಸೆಂಟ್ ಕಡಿತ ಮಾಡಿದ್ದು. ಮೂರನೆಯದು ಆಸೆ: ಯುರೋಪು, ಆಟಗಾರನ ಮಾರಾಟ, ಕಪ್ ಫೈನಲ್. ಸಂಬಳ ಮೊದಲ ಎರಡು ಕಲಮಿನೊಳಗೇ ಮುಗಿಯಬೇಕು. ಯುರೋಪಿಗೆ ಹೋದರೆ ಆಟಗಾರರಿಗೂ ಪಾಲು ಅಂತ ಕರಾರಿನಲ್ಲಿ ಬೋನಸ್ ಬರೆಯಿರಿ. ಆಗ ದುಡ್ಡು ಬಂದಾಗ ಮಾತ್ರ ಖರ್ಚು ಹುಟ್ಟುತ್ತದೆ.

ಮೂರನೇ ಕಲಮಿನಲ್ಲಿ ಒಂದು ಬಾಬ್ತು ಈಚೆಗೆ ಗಟ್ಟಿಯಾಗುತ್ತಿದೆ, ಆಟಗಾರರ ಮಾರಾಟ. ಬ್ರೆಕ್ಸಿಟ್ ಆದಮೇಲೆ ಇಂಗ್ಲಿಷ್ ಕ್ಲಬ್‌ಗಳು 18 ತುಂಬದ ಐರಿಶ್ ಹುಡುಗರನ್ನು ಎಳೆದುಕೊಳ್ಳುವಂತಿಲ್ಲ. ಹುಡುಗ ಇಲ್ಲೇ ಹಿರಿಯರ ಲೀಗ್ ಆಡುತ್ತಾನೆ, ಬೆಲೆ ಏರುತ್ತದೆ. 2009ರಲ್ಲಿ ಸೀಮಸ್ ಕೋಲ್ಮನ್‌ನನ್ನು ಸ್ಲೈಗೋ ರೋವರ್ಸ್ ಎವರ್ಟನ್‌ಗೆ ಕೊಟ್ಟದ್ದು 60,000 ಪೌಂಡಿಗೆ. 2025ರಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್‌ನ ಮೇಸನ್ ಮೆಲಿಯಾ ವಿಷಯದಲ್ಲಿ ಟಾಟನ್‌ಹ್ಯಾಮ್ ಒಪ್ಪಿದ್ದು ಆರಂಭಿಕ ಮೊತ್ತವೇ 19 ಲಕ್ಷ ಯೂರೋ ಸುಮಾರಿಗೆ. ಜೊತೆಗೆ ಫಿಫಾದ ಸಾಲಿಡಾರಿಟಿ ಪಾಲಿದೆ. ಆಟಗಾರ ಮುಂದೆ ದೇಶದಿಂದ ದೇಶಕ್ಕೆ ಮಾರಾಟವಾದಾಗ ಮೊತ್ತದ ಶೇ. 5 ಅವನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ: 12ರಿಂದ 15ರವರೆಗೆ ವರ್ಷಕ್ಕೆ ಶೇ. 0.25, ಆಮೇಲೆ ವರ್ಷಕ್ಕೆ ಶೇ. 0.5. 12ರಿಂದ 17ರವರೆಗೆ ಆರು ಋತು ನಿಮ್ಮಲ್ಲಿದ್ದ ಹುಡುಗ ಒಂದು ಕೋಟಿ ಯೂರೋಗೆ ಹೋದರೆ ನಿಮ್ಮ ಪಾಲು ಶೇ. 2, ಎರಡು ಲಕ್ಷ. ಲೀಗ್ ಗೆದ್ದರೂ ಅಷ್ಟು ಬರಲ್ಲ. ಎಡವುವುದು ನೋಂದಣಿಯಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಹುಡುಗ ಯಾರ ಹೆಸರಲ್ಲಿದ್ದ ಅನ್ನುವ ದಾಖಲೆ ತಪ್ಪಿದ್ದರೆ ಪಾಲು ಬೇರೆಯವರಿಗೆ ಹೋಗುತ್ತದೆ.

ಅಭಿಮಾನಿಗಳೇ ಮಾಲೀಕರಾದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಶ್ಯಾಮ್ರಾಕ್ ರೋವರ್ಸ್ 2005ರಲ್ಲಿ ಎಕ್ಸಾಮಿನರ್‌ಶಿಪ್‌ಗೆ ಹೋದಾಗ ಸದಸ್ಯರು ಎತ್ತಿಕೊಂಡರು, 2009ರಲ್ಲಿ ಕೌಂಟಿ ಕೌನ್ಸಿಲ್ಲಿನ ಟಾಲಾ ಕ್ರೀಡಾಂಗಣಕ್ಕೆ ಬಂದರು, 2011ರಲ್ಲಿ ಯುರೋಪಾ ಲೀಗ್ ಗುಂಪು ಹಂತಕ್ಕೆ ಹೋದ ಮೊದಲ ಐರಿಶ್ ಕ್ಲಬ್ ಆದರು. ಆದರೆ ಕಾರ್ಕ್‌ನಲ್ಲೂ ಅಭಿಮಾನಿಗಳ ಫೋರಾಸ್ ಸಂಘವೇ ಕ್ಲಬ್ಬನ್ನು 2010ರಲ್ಲಿ ಕೆಳಗಿನಿಂದ ಕಟ್ಟಿ, 2017ರಲ್ಲಿ ಲೀಗ್, ಕಪ್ ಎರಡೂ ಗೆದ್ದಿತ್ತು; 2020ರಲ್ಲಿ ಕೆಳಗಿಳಿದರು, ಆಮೇಲೆ ಕ್ಲಬ್ಬನ್ನೇ ಮಾರಬೇಕಾಯಿತು. ಮಾಲೀಕ ಯಾರು ಅನ್ನುವುದಕ್ಕಿಂತ ಮೂರನೇ ಕಲಮಿಗೆ ಕೈ ಹಾಕುತ್ತಾರಾ ಅನ್ನುವುದೇ ಮುಖ್ಯ.

ಎಕ್ಸಾಮಿನರ್‌ಶಿಪ್ ಬಗ್ಗೆ ಒಂದೇ ಮಾತು. ಬದುಕುವ ಸಾಧ್ಯತೆ ಇದೆ ಅಂತ ಸ್ವತಂತ್ರ ತಜ್ಞರ ವರದಿ ಜೊತೆ ಕೋರ್ಟಿಗೆ ಅರ್ಜಿ, ಮಾಮೂಲಿಗೆ 100 ದಿನದವರೆಗೆ ರಕ್ಷಣೆ, ಅಷ್ಟರಲ್ಲಿ ಹೂಡಿಕೆದಾರ ಸಿಗಬೇಕು. ಸಿಕ್ಕಿದರೆ ಸಾಲ ಕೊಟ್ಟವರು ಪುಡಿಗಾಸಿಗೆ ಒಪ್ಪುತ್ತಾರೆ. ಕಷ್ಟ ಬೀಳುವುದು ಬಸ್ಸಿನವನಿಗೆ, ಜೆರ್ಸಿ ಹೊಲಿದವನಿಗೆ.

ಈಗ ನೀವು ಮಾಡಬೇಕಾದ್ದು. ಸಿಆರ್‌ಒ, ಅಂದರೆ ಕಂಪನಿ ನೋಂದಣಿ ಕಚೇರಿಯ ತಾಣದಲ್ಲಿ ಕ್ಲಬ್ಬಿನ ಹಿಂದಿರುವ ಕಂಪನಿಯ ಹೆಸರು ಹುಡುಕಿ. ಮೈದಾನದ ಬೋರ್ಡಿನ ಹೆಸರು, ಕಂಪನಿ ಹೆಸರು ಬೇರೆಯಿರಬಹುದು. ಕೆಲವು ಯೂರೋ ಕೊಟ್ಟರೆ ಕೊನೆಯ ಮೂರು ವರ್ಷದ ಲೆಕ್ಕಪತ್ರ ಸಿಗುತ್ತದೆ. ಚಿಕ್ಕ ಕಂಪನಿಗಳು ಸಂಕ್ಷಿಪ್ತ ಲೆಕ್ಕ ಕೊಡುವುದರಿಂದ ವಹಿವಾಟಿನ ಮೊತ್ತ ಕಾಣದೇ ಇರಬಹುದು, ಬೇಸರ ಬೇಡ. ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ ಎಷ್ಟು, ಬ್ಯಾಂಕಿನಲ್ಲಿ ಎಷ್ಟು ಅನ್ನೋದನ್ನು ಪಕ್ಕಪಕ್ಕ ಇಟ್ಟು ನೋಡಿ. ನಿರ್ದೇಶಕರ ಸಾಲ ಪ್ರತಿ ವರ್ಷ ಏರುತ್ತಿದ್ದರೆ ಕ್ಲಬ್ಬು ಒಬ್ಬರ ಜೇಬಿನ ಮೇಲೆ ನಿಂತಿದೆ ಅಂತ ಅರ್ಥ. ಕಂಪನಿ ಮುಂದುವರಿಯುವ ಬಗ್ಗೆ ಆಡಿಟರ್ ಬರೆದ ಪ್ಯಾರಾ ಇದ್ದರೆ ಎರಡು ಸಲ ಓದಿ. ನೆನಪಿಡಿ, ನಿಮ್ಮ ಕೈಗೆ ಸಿಗುವ ಲೆಕ್ಕ ಒಂದು ಋತುವಿನಷ್ಟು ಹಳೆಯದು.

ಸಭೆಯಲ್ಲಿ ಕೇಳಲು ಒಂದೇ ಪ್ರಶ್ನೆ ಇಟ್ಟುಕೊಳ್ಳಿ ಅಂದರೆ ನಾನು ಹೇಳುವುದು ರೆವೆನ್ಯೂ, ಅಂದರೆ ಐರ್ಲೆಂಡಿನ ತೆರಿಗೆ ಇಲಾಖೆ, ಬಗ್ಗೆ. ಆಟಗಾರರ ಸಂಬಳದಿಂದ ಹಿಡಿದ ತೆರಿಗೆಯನ್ನು ಆನ್‌ಲೈನ್‌ನಲ್ಲಿ ಕಟ್ಟಲು ಮುಂದಿನ ತಿಂಗಳ 23 ಗಡುವು. ದುಡ್ಡು ಕಮ್ಮಿಯಾದಾಗ ಕ್ಲಬ್ಬು ಮೊದಲು ತಪ್ಪಿಸುವುದು ಇದನ್ನೇ, ಯಾಕೆಂದರೆ ಆಟಗಾರ ಅವತ್ತೇ ಬಾಯಿ ಬಿಡುತ್ತಾನೆ, ತೆರಿಗೆ ಇಲಾಖೆ ಕೆಲವು ತಿಂಗಳು ಸುಮ್ಮನಿರುತ್ತದೆ. ಹಳೆ ಕಾರ್ಕ್ ಸಿಟಿ ಕಂಪನಿಯನ್ನು 2010ರಲ್ಲಿ ಕೋರ್ಟ್ ಮುಚ್ಚಿಸಿದ್ದು ರೆವೆನ್ಯೂ ಬಾಕಿ ಮೇಲೇ. 'ಹೋದ ತಿಂಗಳ ತೆರಿಗೆ ಕಟ್ಟಿದ್ದೀರಾ?' ಅಂತ ಕೇಳಿ. ಖಜಾಂಚಿ ಹೌದು ಅಂತ ಒಂದೇ ಮಾತಲ್ಲಿ ಹೇಳಿದರೆ ಸದಸ್ಯತ್ವ ತಗೊಳ್ಳಿ. 'ಅವರ ಜೊತೆ ಮಾತುಕತೆ ನಡೀತಿದೆ' ಅಂದರೆ ವರ್ಷದ ದುಡ್ಡು ಮುಂಗಡ ಕೊಡಬೇಡಿ. ಪ್ರತಿ ಪಂದ್ಯಕ್ಕೆ ಗೇಟಿನಲ್ಲಿ ಟಿಕೆಟ್ ತಗೊಂಡು ಹೋಗಿ ಕೂತ್ಕೊಳ್ಳಿ.