ಮೀನಿಗೆ ಎಷ್ಟು ಹೊತ್ತಿಗೆ ಉಣಿಸಬೇಕು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತೋಟದ 10 ಸೆಂಟ್ಸ್ ಹೊಂಡಕ್ಕೆ 500 ಕಾಟ್ಲಾ, ರೋಹು ಮರಿ ಬಿಟ್ಟು ಎಂಟು ತಿಂಗಳಾಯಿತು. ಮೊದಲ ದಿನದಿಂದಲೂ ಬೆಳಗ್ಗೆ ಆರು ಗಂಟೆಗೆ, ಹಾಲು ಕರೆದ ಕೂಡಲೇ, ತೌಡು–ಹಿಂಡಿ ಕಲಸಿ 1 ಕಿಲೋ ಹಾಕುತ್ತೇನೆ. ಆ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿರುತ್ತವೆ. ಆದರೂ ಹೆಚ್ಚಿನವು 250 ಗ್ರಾಂ ದಾಟಿಲ್ಲ, ನಾಲ್ಕಾರು ಮಾತ್ರ ಮುಕ್ಕಾಲು ಕಿಲೋ ಇವೆ. ಮರಿಯೇ ಸರಿ ಇರಲಿಲ್ಲವೇ? (ಬೆಳ್ಮಣ್)

ಉತ್ತರ: ಮರಿಯನ್ನು ದೂರುವ ಮೊದಲು ಆ 1 ಕಿಲೋದ ಲೆಕ್ಕ ನೋಡೋಣ. 10 ಗ್ರಾಂ ತೂಕದ 500 ಮರಿ ಎಂದರೆ ಹೊಂಡದಲ್ಲಿದ್ದದ್ದು 5 ಕಿಲೋ ಮೀನು. ಅದರ ಶೇ. 5, ಅಂದರೆ ಕಾಲು ಕಿಲೋ ಆಹಾರ ಸಾಕಿತ್ತು. ಉಳಿದದ್ದು ತಳ ಸೇರಿ ಕೊಳೆತಿದೆ. ಈಗ 400 ಮೀನು ಉಳಿದಿವೆ ಎಂದುಕೊಂಡರೂ 100 ಕಿಲೋ ಆಯಿತು. ಶೇ. 2.5ರಂತೆ ದಿನಕ್ಕೆ ಎರಡೂವರೆ ಕಿಲೋ ಬೇಕು, ಸಿಗುತ್ತಿರುವುದು ಅರ್ಧಕ್ಕೂ ಕಡಿಮೆ. ಜತೆಗೆ, ಸೆಂಟ್ಸಿಗೆ 40ರಂತೆ 400 ಮರಿ ಬಿಟ್ಟಿದ್ದರೆ ಸಾಕಿತ್ತು.

ಬೆಳಗಿನ ಆರು ಗಂಟೆಗೆ ಮೀನು ಬಾಯಿ ತೆರೆಯುವುದು ಹಸಿವಿನಿಂದಲ್ಲ, ಉಸಿರಿಗಾಗಿ. ರಾತ್ರಿಯಿಡೀ ಪಾಚಿ, ಮೀನು, ತಳದ ಕೊಳೆ ಎಲ್ಲವೂ ಆಮ್ಲಜನಕ ಬಳಸಿ, ಸೂರ್ಯೋದಯದ ಹೊತ್ತಿಗೆ ನೀರಿನಲ್ಲಿ ಅದು ಅತ್ಯಂತ ಕಡಿಮೆ ಇರುತ್ತದೆ. ಆಗ ಹಾಕಿದ್ದನ್ನು ಮೀನು ಸರಿಯಾಗಿ ತಿನ್ನುವುದಿಲ್ಲ, ತಿಂದದ್ದೂ ಮೈಗೆ ಹತ್ತುವುದಿಲ್ಲ. ಬಿಸಿಲೇರಿದ ಮೇಲೆ 9ರಿಂದ 10ರೊಳಗೆ ಒಮ್ಮೆ, ಮಧ್ಯಾಹ್ನ ಮೂರೂವರೆ–ನಾಲ್ಕಕ್ಕೆ ಇನ್ನೊಮ್ಮೆ ಕೊಡಿ. ಕತ್ತಲಾಗುವಾಗ ಹಾಕುವುದೂ ಬೇಡ. ಉಂಡ ಮೇಲೆ ಕೆಲವು ಗಂಟೆ ಮೀನಿಗೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಆ ಹೊರೆ ರಾತ್ರಿಯ ಮೇಲೆ ಬಿದ್ದರೆ ಮುಂಜಾನೆ ಮತ್ತೆ ಇದೇ ಏದುಸಿರು.

ಗಾತ್ರ ಏರುಪೇರಾಗಲು ಕಾರಣ, ಇಡೀ ಪಾಲನ್ನು ಒಂದೇ ಕಡೆ ಒಂದೇ ಸಲ ಸುರಿಯುವುದು. ಕಾಟ್ಲಾ, ರೋಹುವಿಗೆ ಜಠರ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಒಮ್ಮೆಲೇ ತುಂಬಿಕೊಳ್ಳಲು ಜಾಗವಿಲ್ಲದ ಮೀನಿಗೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಸಿಗಬೇಕು. ಇದಕ್ಕೆ ಚೀಲದ ವಿಧಾನ ಒಳ್ಳೆಯದು. ಖಾಲಿ ಪ್ಲಾಸ್ಟಿಕ್ ಚೀಲವನ್ನು ಚೆನ್ನಾಗಿ ತೊಳೆದು, ಕೆಳಭಾಗದಲ್ಲಿ ಎರಡು ಸಾಲು ಸಣ್ಣ ತೂತು ಮಾಡಿ. ತೌಡು–ಹಿಂಡಿ ತುಂಬಿ, ತೂತಿನ ಭಾಗ ನೀರಿನಲ್ಲಿ ಮುಳುಗುವಂತೆ ಬಿದಿರಿನ ಗಳಕ್ಕೆ ಕಟ್ಟಿ. ಮೀನು ಚೀಲವನ್ನು ಮೂತಿಯಿಂದ ತಿವಿದು ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ನಿಮ್ಮ ಹೊಂಡಕ್ಕೆ ಮೂರು ಚೀಲ, ಒಂದರಿಂದೊಂದು ದೂರದಲ್ಲಿರಲಿ. ಆಗ ಸಣ್ಣವಕ್ಕೂ ಪಾಲು ಸಿಗುತ್ತದೆ. ಎರಡು ಗಂಟೆಯೊಳಗೆ ಖಾಲಿಯಾದರೆ ಮರುದಿನ ಹತ್ತರಲ್ಲೊಂದು ಪಾಲು ಹೆಚ್ಚಿಸಿ, ಸಂಜೆಗೂ ಉಳಿದಿದ್ದರೆ ಅಷ್ಟೇ ಇಳಿಸಿ. ಎರಡೂವರೆ ಕಿಲೋಗೆ ಒಂದೇ ದಿನ ಏರಬೇಡಿ, ಹತ್ತು ದಿನ ತೆಗೆದುಕೊಳ್ಳಿ.

ಹದಿನೈದು ದಿನಕ್ಕೊಮ್ಮೆ, ಆಹಾರ ಹಾಕುವ ಮೊದಲು, ಬೀಸುಬಲೆಯಲ್ಲಿ 25–30 ಮೀನು ಹಿಡಿದು ಬಕೆಟಿನಲ್ಲಿ ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. 50 ಗ್ರಾಂವರೆಗೆ ಶೇ. 5, 200 ಗ್ರಾಂವರೆಗೆ ಶೇ. 3ರಿಂದ 4, ಆಮೇಲೆ ಶೇ. 2ರಿಂದ 2.5, ಅರ್ಧ ಕಿಲೋ ದಾಟಿದ ಮೇಲೆ ಶೇ. 2ಕ್ಕಿಂತ ಕಡಿಮೆ ಸಾಕು. ತೂಗದೆ ಅಂದಾಜಿನಲ್ಲಿ ಹಾಕುವವರು ಮೊದಲು ಹೆಚ್ಚು, ಕೊನೆಗೆ ಕಡಿಮೆ ಹಾಕುವುದೇ ಸಾಮಾನ್ಯ.

ಪ್ರಶ್ನೆ: ಪೆಲೆಟ್ (ಅಂಗಡಿಯ ಗುಳಿಗೆ ಆಹಾರ) ದರ ತಡೆಯಲಾಗುತ್ತಿಲ್ಲ. ಒಂದು ದಿನ ಪೆಲೆಟ್, ಮರುದಿನ ತೌಡು–ಹಿಂಡಿ ಕೊಟ್ಟರೆ ಬೆಳವಣಿಗೆ ಕುಂಠಿತವಾಗುತ್ತದೆಯೇ? (ಮೂಡುಬಿದಿರೆ)

ಉತ್ತರ: ಇದು ಪರೀಕ್ಷೆಯಾದ ಪದ್ಧತಿಯೇ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿದ್ದ ಡಾ. ಎಂ.ಸಿ. ನಂದೀಶ ಮತ್ತು ಸಂಗಡಿಗರು 1990ರ ದಶಕದಲ್ಲಿ ಕಾಟ್ಲಾ, ರೋಹು ಮೀನುಗಳಿಗೆ ಹೆಚ್ಚು ಪ್ರೋಟೀನಿನ ಮತ್ತು ಕಡಿಮೆ ಪ್ರೋಟೀನಿನ ಆಹಾರವನ್ನು ಸರದಿಯಂತೆ ಕೊಟ್ಟು ನೋಡಿದ್ದರು. ದಿನವೂ ಹೆಚ್ಚು ಪ್ರೋಟೀನು ತಿಂದ ಮೀನಿಗೆ ಹೋಲಿಸಬಹುದಾದ ಬೆಳವಣಿಗೆ ಬಂದಿತ್ತು. ಅಗತ್ಯಕ್ಕಿಂತ ಹೆಚ್ಚಾದ ಪ್ರೋಟೀನನ್ನು ಮೀನು ಮಾಂಸವಾಗಿಸದೆ ಬರೀ ಶಕ್ತಿಗಾಗಿ ಉರಿಸಿಬಿಡುತ್ತದೆ. ಸರದಿಯಲ್ಲಿ ಆ ದಂಡ ತಪ್ಪುತ್ತದೆ.

ಆದರೆ ನೆಲಗಡಲೆ ಹಿಂಡಿಯಲ್ಲೇ ಶೇ. 40ಕ್ಕೂ ಮೇಲೆ ಪ್ರೋಟೀನಿದೆ. ತೌಡು–ಹಿಂಡಿ ಸಮಸಮ ಬೆರೆಸಿದರೆ ಅದೇ ಶೇ. 25ರ ಆಸುಪಾಸಿಗೆ ಬಂತು, ಶೇ. 28ರ ಪೆಲೆಟ್ಟಿಗೂ ಅದಕ್ಕೂ ದೊಡ್ಡ ಅಂತರವಿಲ್ಲ, ಉಳಿತಾಯವೂ ಅಷ್ಟಕ್ಕಷ್ಟೆ. ಕಡಿಮೆಯ ದಿನ ತೌಡು ಮೂರು ಪಾಲು, ಹಿಂಡಿ ಒಂದು ಪಾಲು ಇರಲಿ. ನೀರು ತಿಳಿ ಹಸಿರಾಗಿದ್ದು ಸಹಜ ಆಹಾರ ಇರುವ ಹೊಂಡದಲ್ಲಿ ಮಾತ್ರ ಇದನ್ನು ಮಾಡಿ. ಕೈಯನ್ನು ಮೊಣಕೈವರೆಗೆ ಮುಳುಗಿಸಿದಾಗ ಅಂಗೈ ಮಸುಕಾದರೆ ಹದ ಸರಿ. ತಳ ಕಾಣುವಷ್ಟು ತಿಳಿ ನೀರಿನ ಪ್ಲಾಸ್ಟಿಕ್ ಹಾಸಿನ ಹೊಂಡಕ್ಕೆ ಸರದಿ ಬೇಡ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಹಿಂಡಿ ಬೇಗ ಬೂಸ್ಟು ಹಿಡಿಯುತ್ತದೆ. ಅಂಥದ್ದನ್ನು ಒಣಗಿಸಿ ಹಾಕಿದರೂ ವಿಷ ಹೋಗುವುದಿಲ್ಲ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

ಪ್ರಶ್ನೆ: ಅಳಿವೆಯ ಪಂಜರದಲ್ಲಿ ಸೀಬಾಸ್ ಸಾಕಿದ್ದೇನೆ. ಕೊಚ್ಚಿದ ಬೂತಾಯಿ ಮೀನನ್ನು ದಿನಕ್ಕೆರಡು ಸಲ ಹಾಕುತ್ತೇನೆ. ಸತ್ತ ಮೀನು ಕಾಣುತ್ತಿಲ್ಲ, ಆದರೆ ಸಂಖ್ಯೆ ಕಡಿಮೆಯಾಗುತ್ತಿದೆ. ಬಲೆಯಲ್ಲಿ ತೂತಿಲ್ಲ. (ಗಂಗೊಳ್ಳಿ)

ಉತ್ತರ: ದೊಡ್ಡವು ಚಿಕ್ಕವನ್ನು ನುಂಗುತ್ತಿವೆ. ಸೀಬಾಸ್ ಮರಿ ತನ್ನ ಉದ್ದದ ಮೂರನೇ ಎರಡರಷ್ಟಿರುವ ಒಡಹುಟ್ಟಿನವನ್ನೂ ನುಂಗಬಲ್ಲದು. ಮರಿಗಳು ಸಣ್ಣವಿರುವಾಗ ವಾರ–ಹತ್ತು ದಿನಕ್ಕೊಮ್ಮೆ ಗಾತ್ರ ನೋಡಿ ಬೇರ್ಪಡಿಸಿ. ಆ ಹಂತದಲ್ಲಿ ದಿನಕ್ಕೆ ಮೂರು–ನಾಲ್ಕು ಸಲ ಉಣಿಸಿ. ಇದಕ್ಕೆ ಜಠರವಿದೆ, ಬೆಳೆದ ಮೇಲೆ ಎರಡು ಸಲ, ಅರ್ಧ ಕಿಲೋ ದಾಟಿದರೆ ಒಂದೇ ಸಲವಾದರೂ ನಡೆಯುತ್ತದೆ. ಹಸಿ ಮೀನಾದರೆ 100 ಗ್ರಾಂವರೆಗೆ ತೂಕದ ಶೇ. 10, ಅಲ್ಲಿಂದ ಇಳಿಸುತ್ತ 600 ಗ್ರಾಂ ಆಗುವಾಗ ಶೇ. 5.

ಹೊಂಡದ ಗಡಿಯಾರ ಪಂಜರಕ್ಕೆ ಹೊಂದುವುದಿಲ್ಲ. ಇಲ್ಲಿ ಹರಿವ ನೀರೇ ಆಮ್ಲಜನಕ ತರುತ್ತದೆ, ಆದ್ದರಿಂದ ಮುಂಜಾನೆ, ಮುಸ್ಸಂಜೆ ಉಣಿಸಬಹುದು. ಸೀಬಾಸ್‌ಗೂ ಅದೇ ಇಷ್ಟ. ನೋಡಬೇಕಾದದ್ದು ಭರತ–ಇಳಿತ. ಇಳಿತದ ಸೆಳೆತದಲ್ಲಿ ಹಾಕಿದರೆ ಅರ್ಧ ಬಲೆ ದಾಟಿ ಹೋಗುತ್ತದೆ, ತಳಕ್ಕೆ ಬಿದ್ದದ್ದನ್ನು ಸೀಬಾಸ್ ಹೆಕ್ಕಿ ತಿನ್ನುವುದು ಅಪರೂಪ. ನೀರು ತಿರುಗುವ ನಿಂತ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ, ನಿಮ್ಮ ವೇಳೆಯೂ ಅದರ ಹಿಂದೆ ಸರಿಯಲಿ. ತುಂಡುಗಳು ಬಾಯಿಗೆ ಹಿಡಿಸುವ ಗಾತ್ರದಲ್ಲಿರಲಿ. ಅರೆದಂತೆ ಕೊಚ್ಚಿದರೆ ಎಣ್ಣೆಯ ಪೊರೆ ನೀರಿನ ಮೇಲೆ ಹರಡುತ್ತದೆ, ದುಡ್ಡು ತೇಲಿ ಹೋಯಿತೆಂದೇ ಲೆಕ್ಕ. ನಿಧಾನಕ್ಕೆ ಒಂದೊಂದೇ ಹಿಡಿ ಎರಚಿ, ಮೇಲೇರಿ ಹಿಡಿಯುವುದು ನಿಂತ ಕೂಡಲೇ ನೀವೂ ನಿಲ್ಲಿಸಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವುದರಿಂದ ಆಹಾರಕ್ಕೆ ಹಾಕುವ ಸಣ್ಣಪುಟ್ಟ ಹಸಿ ಮೀನು ಸಿಗುವುದು ಕಷ್ಟ. ಮೇ ಮೊದಲ ವಾರದಲ್ಲೇ ಪೆಲೆಟ್ ಬೆರೆಸಲು ಶುರು ಮಾಡಿ, ಎರಡು ವಾರದಲ್ಲಿ ಪೂರ್ತಿ ಬದಲಿಸಿ. ದೊಡ್ಡ ಮೀನು ಹಟ ಮಾಡುತ್ತದೆ, ಮರಿಯಲ್ಲೇ ರೂಢಿಯಾಗಿದ್ದರೆ ಸುಲಭ. ಹೊಳೆ ಕೆಂಪಾಗಿ ಹರಿಯುವ ದಿನ ಮೀನಿಗೆ ಆಹಾರ ಕಾಣುವುದೇ ಇಲ್ಲ, ಹಾಕಬೇಡಿ.

ಪ್ರಶ್ನೆ: ಎಡೆಬಿಡದೆ ಮಳೆ ಹೊಡೆಯುವಾಗ ಹೊಂಡಕ್ಕೆ ಆಹಾರ ಹಾಕಬೇಕೇ? (ಕಾರ್ಕಳ)

ಉತ್ತರ: ಬಿಸಿಲಿಲ್ಲದ ದಿನ ಅರ್ಧ ಪಾಲು, ಹನ್ನೊಂದು ಗಂಟೆಯ ಮೇಲೆ. ಮೀನು ಮೇಲೆ ಬಂದು ಗಾಳಿ ಗುಟುಕರಿಸುತ್ತಿದ್ದರೆ ಏನೂ ಬೇಡ. ಒಂದೆರಡು ದಿನ ಉಪವಾಸವಿದ್ದರೆ ತೂಕ ಬೀಳುವುದಿಲ್ಲ, ಆಮೇಲೆ ಹೆಚ್ಚು ತಿಂದು ಸರಿದೂಗಿಸಿಕೊಳ್ಳುತ್ತವೆ.

ಪ್ರಶ್ನೆ: ಮಾರುವ ದಿನವೂ ಉಣಿಸಬಹುದೇ? (ಬ್ರಹ್ಮಾವರ)

ಉತ್ತರ: ಬೇಡ. ಒಂದು ದಿನ ಮೊದಲೇ ನಿಲ್ಲಿಸಿ. ಹೊಟ್ಟೆ ತುಂಬಿದ ಮೀನು ಸಾಗಿಸುವಾಗ ನೀರು ಕೆಡಿಸುತ್ತದೆ, ಮಂಜುಗಡ್ಡೆಯಲ್ಲಿಟ್ಟರೂ ಹೊಟ್ಟೆಯ ಕಡೆಯಿಂದ ಬೇಗ ಹಾಳಾಗುತ್ತದೆ.