ಒಟ್ಟಿಗೆ ಬರುವ ಮೂರು ಬಸ್ಸುಗಳು

ಓದುಗರೊಬ್ಬರ ಪತ್ರ: "ಬಸ್ಸು, ಸೈಕಲ್ಲು ಅಂತ ಆಗಾಗ ಬರೆಯುತ್ತೀರಿ. ನಾನು ದಿನಾ ಸ್ಟಾಪಿನಲ್ಲಿ ಕಾಯುವವಳು. ಅರ್ಧ ಗಂಟೆ ಒಂದು ಬಸ್ಸೂ ಇರಲ್ಲ. ಆಮೇಲೆ ಒಂದೇ ನಂಬರಿನ ಮೂರು ಬಸ್ಸು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದರಲ್ಲಿ ಕಾಲಿಡಲು ಜಾಗವಿಲ್ಲ, ಮೂರನೆಯದು ಖಾಲಿ. ಡ್ರೈವರುಗಳು ಮಾತಾಡಿಕೊಂಡೇ ಹೊರಡುತ್ತಾರೆ ಅನ್ನಿಸುತ್ತೆ. ಸಾಕಾಗಿ ಕಾರು ಬುಕ್ ಮಾಡಿದ್ದೇನೆ. ಎಲೆಕ್ಟ್ರಿಕ್, ಹೊಗೆಯೂ ಇಲ್ಲ. ರಸ್ತೆ ಅಗಲ ಮಾಡಿದರೆ ಬಸ್ಸೂ ಹೋಗುತ್ತೆ, ಕಾರೂ ಹೋಗುತ್ತೆ. ಅದನ್ನು ಯಾಕೆ ಬರೆಯಲ್ಲ?"

ಸಂಪಾದಕರ ಉತ್ತರ:

ಬಸ್ಸಿನ ಬಗ್ಗೆ ನನಗೆ ಬರುವ ಪತ್ರಗಳಲ್ಲಿ 'ಲೇಟು' ಅನ್ನುವ ದೂರೇ ಜಾಸ್ತಿ. ನೀವು ಅದಕ್ಕಿಂತ ಮುಂದೆ ಹೋಗಿದ್ದೀರಿ. ಮೊದಲನೆಯದು ತುಂಬಿತ್ತು, ಮೂರನೆಯದು ಖಾಲಿ ಇತ್ತು ಅಂತ ಗಮನಿಸಿದ್ದೀರಿ. ಎಷ್ಟೋ ಯೋಜನಾ ವರದಿಗಳಲ್ಲಿ ಇಲ್ಲದ ಸೂಕ್ಷ್ಮ ಅದು. ಕಾರಣವೂ ಅದರಲ್ಲೇ ಅಡಗಿದೆ.

ಡ್ರೈವರುಗಳು ಮಾತಾಡಿಕೊಂಡಿಲ್ಲ. ಹತ್ತು ನಿಮಿಷಕ್ಕೊಂದರಂತೆ ಬಸ್ಸುಗಳು ಹೊರಟವು ಅಂತಿಟ್ಟುಕೊಳ್ಳಿ. ಮೊದಲನೆಯದು ಒಂದು ಸಿಗ್ನಲ್ಲಿನಲ್ಲಿ ಕಾರುಗಳ ಹಿಂದೆ ಸಿಕ್ಕಿ ಎರಡು ನಿಮಿಷ ಕಳೆದುಕೊಂಡಿತು. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಜನ ಸೇರಿದರು. ಅವರೆಲ್ಲ ಒಂದೇ ಬಾಗಿಲಲ್ಲಿ ಹತ್ತಿ, ಟಿಕೆಟ್ ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು ನಿಮಿಷ ಹೋಯಿತು. ಅದರ ಮುಂದಿನ ಸ್ಟಾಪಿನಲ್ಲಿ ಜನ ಇನ್ನೂ ಜಾಸ್ತಿ. ಹಿಂದಿನ ಬಸ್ಸಿನ ಕಥೆ ಇದಕ್ಕೆ ತದ್ವಿರುದ್ಧ. ಅದಕ್ಕೆ ಹತ್ತಬೇಕಾದವರನ್ನು ಮುಂದಿನದೇ ಹತ್ತಿಸಿಕೊಂಡು ಹೋಗಿದೆ. ಸ್ಟಾಪಿನಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ನಿಲ್ಲುವ ಹೊತ್ತು ಕಡಿಮೆಯಾಗಿ ಅದು ಮುಂದಿನದರ ಬಾಲ ಹಿಡಿಯುತ್ತದೆ. ಮೂರನೆಯದೂ ಹಾಗೇ ಬಂದು ಸೇರಿಕೊಳ್ಳುತ್ತದೆ. ಎಲ್ಲ ಶುರುವಾಗಿದ್ದು ಆ ಎರಡು ನಿಮಿಷದಿಂದ. ಆದರೆ ಸ್ಟಾಪಿನಲ್ಲಿ ಬೈಸಿಕೊಳ್ಳುವುದು ಡ್ರೈವರು. ವರ್ಷಗಟ್ಟಲೆ ಬಸ್ಸು ಓಡಿಸಿದ ಒಬ್ಬರು ನನ್ನ ಹತ್ತಿರ ಹೇಳಿಕೊಂಡಿದ್ದೂ ಇದನ್ನೇ. ಸ್ಟೀರಿಂಗ್ ಹಿಡಿದ ದಣಿವು ರಾತ್ರಿ ನಿದ್ದೆಯಲ್ಲಿ ಇಳಿಯುತ್ತದೆ, ಮಾಡದ ತಪ್ಪಿಗೆ ಕೇಳಿದ ಮಾತು ಇಳಿಯುವುದಿಲ್ಲ ಅಂತ.

ಹಾಗಾದರೆ ಆ ಎರಡು ನಿಮಿಷ ಉಳಿಸುವುದು ಹೇಗೆ? ಬಸ್ಸಿಗೆ ಅದರದೇ ದಾರಿ ಕೊಡಬೇಕು. ನನ್ನ ಹಟ ಅಂತಲೇ ಕರೆಯಿರಿ, ಇದನ್ನು ಬಿಟ್ಟು ಬೇರೆ ಯಾವುದರಿಂದಲೂ ಶುರು ಮಾಡಲು ನನಗೆ ಮನಸ್ಸಿಲ್ಲ.

ಬ್ರೆಜಿಲ್‌ನ ಕುರಿಚೀಬಾ ನಗರವನ್ನೇ ನೋಡಿ. ಮೆಟ್ರೋ ಕಟ್ಟುವಷ್ಟು ಹಣ ಅದರ ಹತ್ತಿರ ಇರಲಿಲ್ಲ. ಆಗ ಮೇಯರ್ ಆಗಿದ್ದವರು ಜೈಮೆ ಲರ್ನರ್, ವೃತ್ತಿಯಲ್ಲಿ ವಾಸ್ತುಶಿಲ್ಪಿ. 1974ರಲ್ಲಿ ರಸ್ತೆಯ ನಡುಭಾಗವನ್ನು ಬಸ್ಸಿಗೆ ಬಿಟ್ಟರು. 1991ರಲ್ಲಿ ಗಾಜಿನ ಕೊಳವೆಯಂಥ ನಿಲ್ದಾಣಗಳು ಬಂದವು. ಒಳಗೆ ಹೋಗುವಾಗಲೇ ಟಿಕೆಟ್. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಎತ್ತರ, ಹತ್ತಲು ಮೆಟ್ಟಿಲೇ ಇಲ್ಲ. ಬಸ್ಸು ಬಂದರೆ ಎಲ್ಲ ಬಾಗಿಲೂ ಒಟ್ಟಿಗೆ ತೆರೆಯುತ್ತವೆ. ಗಾಲಿಕುರ್ಚಿಯಲ್ಲಿರುವವರೂ ಯಾರ ಕೈ ಕಾಯದೆ ಹತ್ತಬಹುದು. ಬಾಗಿಲ ಬಳಿ ಪೋಲಾಗುವ ಒಂದೊಂದು ಸೆಕೆಂಡನ್ನೂ ಲೆಕ್ಕ ಹಾಕಿ ಮಾಡಿದ ವ್ಯವಸ್ಥೆ ಅದು. ಕೊಲಂಬಿಯಾದ ಬೊಗೊಟಾ ಅದನ್ನು ನೋಡಿ ಕಲಿತು 2000ದ ಡಿಸೆಂಬರಿನಲ್ಲಿ ಟ್ರಾನ್ಸ್‌ಮಿಲೇನಿಯೋ ಅನ್ನುವ ಇಂಥದೇ ಬಸ್ ವ್ಯವಸ್ಥೆ ಶುರು ಮಾಡಿತು. ದಕ್ಷಿಣ ಕೊರಿಯಾದ ಸೋಲ್ ನಗರ 2004ರ ಜುಲೈ 1ರಂದು ಬಸ್ ಮಾರ್ಗಗಳನ್ನೆಲ್ಲ ಹೊಸದಾಗಿ ಜೋಡಿಸಿ, ಬಸ್ಸು ಬದಲಿಸಿದರೂ ದೂರಕ್ಕೆ ತಕ್ಕಷ್ಟೇ ದುಡ್ಡು ಅನ್ನುವ ನಿಯಮ ತಂದಿತು. ಮೊದಲ ದಿನಗಳಲ್ಲಿ ಬರೀ ಗೊಂದಲ, ಬೈಗುಳ. ಆದರೂ ಹಿಂದೆ ಸರಿಯಲಿಲ್ಲ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಕಾರು ಬೇಕೇ ಬೇಕು ಅನ್ನುವವರು ಇದ್ದಾರೆ. ಮಂಡಿ ನೋವಿನವರು, ನಡುರಾತ್ರಿ ಪಾಳಿ ಮುಗಿಸುವವರು, ಭಾರದ ಸಾಮಾನು ಸಾಗಿಸುವವರು. ಒಪ್ಪುತ್ತೇನೆ. ಆದರೆ ರಸ್ತೆ ಅಗಲ ಮಾಡಿದರೆ ಸರಿಹೋಗುತ್ತೆ ಅಂದಿರಲ್ಲ, ಅಲ್ಲಿ ಮಾತ್ರ ನಿಮ್ಮ ಮೇಲೆ ನನಗೆ ಸ್ವಲ್ಪ ಬೇಸರ. ಮೂರು ಬಸ್ಸನ್ನು ಅಷ್ಟು ಚೆನ್ನಾಗಿ ನೋಡಿದವರು ಇದನ್ನು ಯಾಕೆ ನೋಡಲಿಲ್ಲ? ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೇಟಿ ಫ್ರೀವೇ ಅಂತ ಒಂದು ಹೆದ್ದಾರಿ. 2008ರಲ್ಲಿ ಅಗಲಗೊಳಿಸಿ ಮುಗಿಸಿದಾಗ, ಪಕ್ಕದ ರಸ್ತೆಗಳೂ ಸೇರಿ ಕೆಲವು ಕಡೆ 26 ಲೇನು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ಜಾಸ್ತಿ ಜಾಸ್ತಿ ಸಮಯ ನುಂಗತೊಡಗಿತು. ದುರಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶ ಹಿಡಿದು 2011ರಲ್ಲಿ ತೋರಿಸಿದ್ದೂ ಇದನ್ನೇ. ಹೆದ್ದಾರಿ ಎಷ್ಟು ಪಾಲು ಬೆಳೆಯುತ್ತದೋ, ಅದರ ಮೇಲೆ ವಾಹನಗಳ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಪಾಲು ಬೆಳೆಯುತ್ತದೆ. ಬೇರೆ ಹೊತ್ತಿನಲ್ಲಿ ಹೋಗುತ್ತಿದ್ದವರು, ಬಸ್ಸಿನಲ್ಲಿ ಹೋಗುತ್ತಿದ್ದವರು, ಮನೆಯಲ್ಲೇ ಇರುತ್ತಿದ್ದವರು, ಎಲ್ಲರೂ ರಸ್ತೆ ಖಾಲಿ ಇದೆ ಅಂತ ಬರುತ್ತಾರೆ. ನಿಮ್ಮ ಬಸ್ಸು ಮತ್ತೆ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಜೊತೆಗೆ, ಸ್ಟಾಪಿಗೆ ಹೋಗಲು ನೀವು ದಾಟಬೇಕಾದ ರಸ್ತೆ ಎರಡರಷ್ಟಾಗಿರುತ್ತದೆ.

ಎಲೆಕ್ಟ್ರಿಕ್ ಕಾರಿನಿಂದ ಹೊಗೆ ಕಡಿಮೆ, ಒಳ್ಳೆಯದೇ. ಆದರೆ ಅದು ಹಿಡಿಯುವ ಜಾಗ ಅಷ್ಟೇ. ಅಡ್ಡ ನಿಂತ ಕಾರು ಪೆಟ್ರೋಲಿನದೋ ಬ್ಯಾಟರಿಯದೋ, ಹಿಂದಿರುವ ಬಸ್ಸಿಗೆ ಎರಡೂ ಒಂದೇ.

ನೀವು ಸೈಕಲ್ಲಿನ ಬಗ್ಗೆ ಕೇಳಲಿಲ್ಲ. ನಾನು ಹೇಳದೆ ಇರಲಾರೆ. ನೆದರ್‌ಲ್ಯಾಂಡ್ಸ್ ಅಂದ ಕೂಡಲೇ 'ಅವರು ಹುಟ್ಟಿನಿಂದಲೇ ಸೈಕಲ್ ತುಳಿಯುವವರು ಬಿಡಿ' ಅನ್ನುತ್ತಾರೆ. ಹಾಗಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲೂ ಕಾರಿಗಾಗಿ ಊರು ಒಡೆದರು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರ ಲೇಖನದಿಂದ 'ಮಕ್ಕಳ ಕೊಲೆ ನಿಲ್ಲಿಸಿ' ಅನ್ನುವ ಚಳವಳಿಯೇ ಹುಟ್ಟಿತು. ಅಪ್ಪ ಅಮ್ಮಂದಿರು ಬೀದಿಗೆ ಬಂದರು. 1973ರ ತೈಲ ಬಿಕ್ಕಟ್ಟೂ ಸೇರಿಕೊಂಡಿತು. ಖ್ರೋನಿಂಗನ್ ನಗರ 1977ರಲ್ಲಿ ತನ್ನ ಕೇಂದ್ರವನ್ನು ನಾಲ್ಕು ಭಾಗ ಮಾಡಿತು. ಕಾರಿನಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ನೇರ ಹೋಗುವಂತಿಲ್ಲ, ಹೊರವರ್ತುಲ ರಸ್ತೆಗೆ ಹೋಗಿ ಸುತ್ತಿ ಬರಬೇಕು. ಸೈಕಲ್ಲಿನವರು, ನಡೆಯುವವರು ನೇರ ಹೋಗಬಹುದು. ಅಂಗಡಿಯವರು ಜೋರಾಗಿ ವಿರೋಧಿಸಿದರು. ಇವತ್ತು ಸೈಕಲ್ ನಗರಗಳ ಮಾತು ಬಂದರೆ ಅದರ ಹೆಸರು ಬಂದೇ ಬರುತ್ತದೆ. ಸೈಕಲ್ ಸಂಪ್ರದಾಯವೇ ಇಲ್ಲದ, ಬಿಸಿಲಿಗೆ ಹೆಸರಾದ ಸ್ಪೇನಿನ ಸೆವಿಲ್ಲೆ ಕೂಡ 2006ರಿಂದ ಕೆಲವೇ ವರ್ಷಗಳಲ್ಲಿ ಸುಮಾರು 80 ಕಿಲೋಮೀಟರ್ ಪಥ ಹಾಕಿತು. ಎಲ್ಲವೂ ಒಂದಕ್ಕೊಂದು ಸೇರುವಂಥವು, ಕಾರು ನುಗ್ಗದಂಥವು. ಸೈಕಲ್ ಸವಾರಿ ಹಲವು ಪಟ್ಟು ಏರಿತು. ರಸ್ತೆ ಅಂಚಿಗೆ ಸುಮ್ನೆ ಒಂದು ಬಿಳಿ ಗೆರೆ ಎಳೆದು, ಅದರ ಮೇಲೆ ಕಾರು ನಿಲ್ಲಿಸಲು ಬಿಟ್ಟು, 'ನೋಡಿ, ಯಾರೂ ಸೈಕಲ್ ತುಳಿಯಲ್ಲ' ಅನ್ನುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಇನ್ನೂ ಚಿಕ್ಕದೊಂದು ವಿಷಯ ಇದೆ, ಬೀದಿಯ ಮೂಲೆ. ನಿಂತು ನೋಡಿ. ಫುಟ್‌ಪಾತಿನ ಅಂಚು ದೊಡ್ಡ ಕಮಾನಿನಂತೆ ಬಾಗಿದ್ದರೆ ಕಾರಿನವರು ಬ್ರೇಕ್ ಮುಟ್ಟದೆ ತಿರುಗುತ್ತಾರೆ. ಅದೇ ಅಂಚನ್ನು ಚೂಪಾಗಿ ತಿರುಗಿಸಿದರೆ ವೇಗ ಇಳಿಸಲೇಬೇಕು, ದಾಟುವವರಿಗೂ ಒಂದೆರಡು ಮೀಟರ್ ಉಳಿಯುತ್ತದೆ. 30 ಕಿಲೋಮೀಟರ್ ವೇಗದಲ್ಲಿ ಕಾರು ಬಡಿದರೆ ಹೆಚ್ಚಿನವರು ಬದುಕುತ್ತಾರೆ. 50ರಲ್ಲಿ ಜೀವ ಹೋಗುವ ಭಯ ಎಷ್ಟೋ ಪಟ್ಟು ಹೆಚ್ಚು. 2019ರಲ್ಲಿ ನಾರ್ವೆಯ ಓಸ್ಲೋದಲ್ಲಾಗಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಾಗಲಿ ಒಬ್ಬ ಪಾದಚಾರಿಯೂ ವಾಹನ ಬಡಿದು ಸಾಯಲಿಲ್ಲ. ಅದರ ಹಿಂದೆ ಇಂಥ ನೂರಾರು ಚಿಕ್ಕ ಕೆಲಸಗಳಿವೆ. ಆದರೆ ಮೂಲೆ ತಿದ್ದಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ, ಮೇಲ್ಸೇತುವೆಗೆ ಕತ್ತರಿಸುತ್ತಾರೆ.

ಎಲ್ಲಕ್ಕಿಂತ ನೋವು ಕೊಡುವುದು ಲೆಕ್ಕ ಹಾಕುವ ರೀತಿ. ರಸ್ತೆಯಲ್ಲಿ ಎಷ್ಟು ವಾಹನ ಹೋದವು ಅಂತ ಎಣಿಸುತ್ತಾರೆ. ಎಷ್ಟು ಜನ ಹೋದರು ಅಂತ ಕೇಳುವವರು ಕಡಿಮೆ. ಸಂಚಾರ ಎಂಜಿನಿಯರುಗಳ ಪಟ್ಟಿಯಲ್ಲಿ ಒಂದು ಬಸ್ಸು ಅಂದರೆ ಹೆಚ್ಚುಕಮ್ಮಿ ಎರಡು ಮೂರು ಕಾರಿಗೆ ಸಮ. ಅದು ಹಿಡಿಯುವ ಜಾಗದ ಲೆಕ್ಕ. ಒಳಗಿರುವ ಅರವತ್ತು ಜನ ಅಲ್ಲಿ ಎಲ್ಲೂ ಕಾಣುವುದಿಲ್ಲ. ಹೀಗೆ ಎಣಿಸಿದರೆ ಬಸ್ಸು ಅಂದರೆ ದಾರಿಗೆ ಅಡ್ಡಿ ಅಂತಲೇ ತೋರುತ್ತದೆ. ಸ್ಟಾಪಿನಲ್ಲಿ ಒಂದು ದಿನವೂ ಕಾಯದವರು ಈ ಪಟ್ಟಿ ಹಿಡಿದು ಬೀದಿ ಹಂಚುತ್ತಾರೆ. ಹಗಲಿಡೀ ಸುಮ್ಮನೆ ನಿಂತಿರುವ ಕಾರಿಗೆ ರಸ್ತೆ ಬದಿ ಪುಕ್ಕಟೆ. ಜಪಾನಿನಲ್ಲಿ 1962ರಿಂದಲೇ ಕಾನೂನಿದೆ: ಕಾರು ನಿಲ್ಲಿಸಲು ರಸ್ತೆಯ ಹೊರಗೆ ಜಾಗ ತೋರಿಸಿ, ಆಮೇಲೆ ನೋಂದಣಿ. ಬೇರೆ ಕಡೆ ಅದೇ ಬದಿಯನ್ನು ಬಸ್ಸಿಗೆ ಕೊಡಿ ಅಂದರೆ ದೊಡ್ಡ ಗಲಾಟೆ.

ಜನ ಒಪ್ಪಲ್ಲ ಅನ್ನುವ ಮಾತನ್ನೂ ನಾನು ನಂಬುವುದಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ, ನಗರದೊಳಗೆ ಬರುವ ಕಾರಿಗೆ ಶುಲ್ಕ ಹಾಕಿ ನೋಡಿತು. ಶುರುವಾಗುವ ಮುಂಚೆ ಹೆಚ್ಚಿನವರು ಬೇಡ ಅಂದಿದ್ದರು. ಗಡಿ ದಾಟುವ ವಾಹನಗಳು ಸುಮಾರು ಐದರಲ್ಲಿ ಒಂದು ಪಾಲು ಇಳಿದವು. ಸೆಪ್ಟೆಂಬರಿನಲ್ಲಿ ಮತ ಕೇಳಿದಾಗ ಅದೇ ನಗರ ಬೇಕು ಅಂದಿತು. ಮರುವರ್ಷ ಶುಲ್ಕ ಕಾಯಂ ಆಯಿತು.

ಕಾರು ವಾಪಸ್ ಮಾಡಿ ಅಂತ ನಾನು ಹೇಳುವುದಿಲ್ಲ. ಇನ್ನೊಂದು ಪತ್ರ ಬರೆಯಿರಿ ಅಂತ ಕೇಳುತ್ತೇನೆ, ನಿಮ್ಮ ಬಸ್ಸು ನಡೆಸುವ ಸಂಸ್ಥೆಗೂ ರಸ್ತೆ ನೋಡಿಕೊಳ್ಳುವವರಿಗೂ. ಆ ನಂಬರಿನ ಬಸ್ಸು ಯಾವ ಎರಡು ಸ್ಟಾಪುಗಳ ನಡುವೆ ಹೆಚ್ಚು ಹೊತ್ತು ಕಳೆದುಕೊಳ್ಳುತ್ತದೆ ಅಂತ ಕೇಳಿ. ಬಸ್ಸಿನಲ್ಲಿ ಜಿಪಿಎಸ್ ಇದ್ದರೆ ಆ ಉತ್ತರ ಅವರ ಹತ್ತಿರವೇ ಇರುತ್ತದೆ. ಅಷ್ಟು ಉದ್ದಕ್ಕೆ ಮಾತ್ರ, ಬೆಳಿಗ್ಗೆ ಸಂಜೆ ದಟ್ಟಣೆಯ ಹೊತ್ತಿಗೆ ಮಾತ್ರ, ಆರು ತಿಂಗಳ ಮಟ್ಟಿಗೆ ಬಸ್ಸಿಗೊಂದು ಲೇನು ಕೊಟ್ಟು ನೋಡಿ ಅನ್ನಿ. ಎಲ್ಲ ಬಾಗಿಲಲ್ಲೂ ಹತ್ತಿಸಿಕೊಳ್ಳಿ, ಟಿಕೆಟ್ ಮೊದಲೇ ಕೊಡಿ ಅನ್ನಿ. ಮೂರನೆಯ ಬಸ್ಸು ಖಾಲಿ ಇದ್ದದ್ದನ್ನೂ ಬರೆಯಲು ಮರೆಯಬೇಡಿ. ಪತ್ರದ ಒಂದು ಪ್ರತಿ ನನಗೂ ಕಳಿಸಿ. ಅವರು ಉತ್ತರ ಕೊಟ್ಟರೆ ಉತ್ತರದ ಜೊತೆ ಅಚ್ಚು ಹಾಕುತ್ತೇನೆ, ಕೊಡದಿದ್ದರೆ ನಿಮ್ಮ ಪತ್ರವನ್ನಷ್ಟೇ ಹಾಕುತ್ತೇನೆ.