ಪ್ರತಿಕ್ರಿಯೆ: ಪ್ರಾರ್ಥನೆಯ ಫಲ ಅಳೆಯಬಹುದಾ?

ಬೇರೆಯವರ ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತದಾ, ಯಾರಾದರೂ ಅಳೆದು ನೋಡಿದ್ದಾರಾ ಅಂತ ಕೇಳಿದ್ದೀರಿ. ನೋಡಿದ್ದಾರೆ. ಅಮೆರಿಕದ ಹೃದ್ರೋಗ ವೈದ್ಯ ಹರ್ಬರ್ಟ್ ಬೆನ್ಸನ್ ತಂಡದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಹೃದಯದ ಬೈಪಾಸ್ ಆಪರೇಷನ್ ಆದ 1,802 ರೋಗಿಗಳು, ಮೂರು ಗುಂಪು. ಪ್ರಾರ್ಥಿಸಿದವರು ರೋಗಿಗಳಿಗೆ ಅಪರಿಚಿತರು. ತಮಗಾಗಿ ಪ್ರಾರ್ಥನೆ ಇದೆಯೋ ಇಲ್ಲವೋ ಗೊತ್ತಿರದ ಎರಡು ಗುಂಪುಗಳಲ್ಲಿ ಆಪರೇಷನ್ ನಂತರದ ತೊಂದರೆ ಹೆಚ್ಚುಕಮ್ಮಿ ಒಂದೇ: ಪ್ರಾರ್ಥನೆ ಇದ್ದವರಲ್ಲಿ ಶೇ. 52, ಇಲ್ಲದವರಲ್ಲಿ ಶೇ. 51. ತಮಾಷೆ ಅಂದ್ರೆ, ಪ್ರಾರ್ಥನೆ ನಡೆಯುವುದು ಖಚಿತವಾಗಿ ಗೊತ್ತಿದ್ದವರಲ್ಲಿ ಶೇ. 59! 'ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯಾ' ಅಂತ ಗಾಬರಿಯಾದರೋ ಏನೋ.

ಹಾಗಂತ ದೇವರಿಲ್ಲ ಅಂತ ಇದರಿಂದ ಸಾಬೀತಾಗುವುದಿಲ್ಲ. ಅಳೆದದ್ದು ಮೊದಲ 30 ದಿನಗಳ ತೊಂದರೆಗಳನ್ನು ಅಷ್ಟೇ. ಜೊತೆಗೆ, ಮನೆಯವರು ತಾವಾಗಿ ಪ್ರಾರ್ಥಿಸುವುದನ್ನು ಯಾರೂ ತಡೆದಿರಲಿಲ್ಲ. ಅದನ್ನು ತಡೆಯೋದಾದರೂ ಹೇಗೆ, ಅಲ್ವಾ?